ಗಂಗಕ್ಕನ ರೇಡಿಯೊ, ತಿರುವಿನವರೆಗೆ

ಗಂಗಕ್ಕನಿಗೆ ಒಂದು ಕಡೆ ಕೂತು ರೇಡಿಯೊ ಕೇಳಿ ಗೊತ್ತೇ ಇರಲಿಲ್ಲ. ಸ್ಕೂಟರಿನ ಮುಂದಿನ ಕೊಕ್ಕೆಗೆ ಪುಟ್ಟ ರೇಡಿಯೊ ನೇತುಹಾಕಿಕೊಂಡು, ನಮ್ಮ ಕಾರ್ಯಕ್ರಮ ಶುರುವಾದೊಡನೆ ಹೊರಟುಬಿಡುತ್ತಿದ್ದರು. ಹಾಡು ಕೊರಕೊರ ಎನ್ನತೊಡಗಿದಲ್ಲಿ ಗಾಡಿ ನಿಲ್ಲಿಸಿ ನನಗೆ ಫೋನು: "ಇಲ್ಲಿಗೆ ಮುಗೀತು ನೋಡು. ಆಚೆಯವರು ಎಂಥ ಪಾಪ ಮಾಡಿದ್ದಾರೆ ಮಾರಾಯ?"

ಸಂಪಾಜೆಯ ಹೆಣ್ಣುಮಗಳು, ನಿವೃತ್ತ ಟೀಚರ್. ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದು, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಸುತ್ತಲಿನ ಜನಪದ ಹಾಡಿಗೆಂದೇ ಈ ಸಮುದಾಯ ರೇಡಿಯೊ ಕಟ್ಟಿದವರು. ಪರವಾನಗಿಗೆ ಓಡಾಡಿ ಎರಡು ಜೊತೆ ಚಪ್ಪಲಿ ಸವೆಯಿತು ಎನ್ನುತ್ತಿದ್ದರು. ಅವರ ಕಾಲಿಗೆ ಯಾವ ಚಪ್ಪಲಿ ತಾನೇ ಬಾಳಿಕೆ ಬಂದೀತು! ನಾನು ಅಲ್ಲಿಯ ಉದ್ಘೋಷಕ, ಹೆದರುಪುಕ್ಕಲ.

ನೆಲ್ಯಹುದಿಕೇರಿ ಕಡೆಯ ಕಾಫಿ ಎಸ್ಟೇಟಿನ ಲೈನಿನ, ಅಂದರೆ ಕೂಲಿಯವರ ಸಾಲುಮನೆಯ, ಚೋಮಜ್ಜಿಯಿಂದ ಅವರು ಮೂರು ಹಾಡು ಧ್ವನಿಮುದ್ರಿಸಿ ತಂದರು. ಲೈನಿಗೆ ನಮ್ಮ ದನಿ ಮುಟ್ಟುವುದಿಲ್ಲ. ಈಚೆಯ ತಿರುವಿನವರೆಗೆ ಮಾತ್ರ. ಶನಿವಾರ ಮೂರನೆಯ ಹಾಡು ಹಾಕಲು ಹೇಳಿ, ಗಂಗಕ್ಕ ಅಜ್ಜಿಯನ್ನು ಜೀಪಿನಲ್ಲಿ ತಿರುವಿಗೆ ಕರೆತಂದು ನಿಂತರು.

ಹಾಕುವ ಮುನ್ನ ಕೇಳಿ ನೋಡಿದೆ. ಸತ್ತವರನ್ನು ಕಳಿಸಿಕೊಡುವ ಹಾಡು ಅದು. ಸಾವಿಲ್ಲದ ಮನೆಯಲ್ಲಿ ಗುನುಗಿದರೂ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಬೆಳಿಗ್ಗೆ ಬೆಳಿಗ್ಗೆ ಊರಿಗೆಲ್ಲ ಕೇಳಿಸುವುದೇ? ಬೇರೆ ಯಾರದೋ ಗದ್ದೆ ನಾಟಿಯ ಹಾಡು ಹಾಕಿಬಿಟ್ಟೆ.

ಮಧ್ಯಾಹ್ನ ಗಂಗಕ್ಕ ಬಂದವರೇ ಎರಡು ಕೋಣೆಯಲ್ಲೂ ಶತಪಥ ತಿರುಗಿದರು. "ನನ್ನ ದನಿ ಚೆಂದ ಇರ್ಲಿಲ್ವಾ ಟೀಚರೇ ಅಂತ ಅಜ್ಜಿ ಕೇಳಿದ್ಲು ಮಾರಾಯ. ನಾನೆಂಥ ಹೇಳ್ಲಿ?"

"ಸಾವಿನ ಹಾಡು ಅಕ್ಕ..."

"ಗೊತ್ತುಂಟು. ಅವಳ ಮಗ ಮುತ್ತ ಕೇರಳಕ್ಕೆ ಕೆಲಸಕ್ಕೆ ಹೋದವ ಅಲ್ಲೇ ಹೋಗಿಬಿಟ್ಟ. ಇವಳು ಅಲ್ಲಿಗೆ ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ನಾಲ್ಕು ಜನರ ಎದುರು ಹಾಡ್ಲಿಕ್ಕೆ ಆಗ್ಲಿಲ್ಲ. ಅದಕ್ಕೇ ಮೈಕಿನ ಎದುರು ಹಾಡಿದ್ದು."

ನನಗೆ ನಾಚಿಕೆಯಾಯಿತು. ಆದರೂ ರೇಡಿಯೊ ನಡೆಸುವ ಸಮಿತಿಯವರನ್ನು ಒಂದು ಮಾತು ಕೇಳಿ ಮುಂದಿನ ವಾರ ಹಾಕೋಣ ಎಂದೆ. ಆ ಮುಂದಿನ ವಾರ ಮೂರು ವಾರವಾಯಿತು. ದಿನಾ ಫೋನು: "ಕೇಳಿದ್ಯಾ?" ಕೇಳಿರಲಿಲ್ಲ. ನಾಲ್ಕನೆಯ ವಾರ ಫೋನು ಬರಲಿಲ್ಲ. ಎದೆನೋವೆಂದು ಮಡಿಕೇರಿಗೆ ಕರೆದೊಯ್ಯುವಷ್ಟರಲ್ಲೇ ಗಂಗಕ್ಕ ತೀರಿಕೊಂಡಿದ್ದರು. ಕೊನೆಯ ಸಲ ನೋಡಿದಾಗಲೂ ಮೆಟ್ಟಿಲಿಳಿಯುತ್ತಲೇ ಮಾತಾಡಿದ್ದರು. ಅವರ ಬೆನ್ನಷ್ಟೇ ಕಂಡದ್ದು.

ಅದಾದ ಶನಿವಾರ ಯಾರನ್ನೂ ಕೇಳಲಿಲ್ಲ. ಹಾಡು ಹಾಕುವ ಕೆಲಸವನ್ನು ಜೊತೆಗೆ ಕೆಲಸ ಮಾಡುವ ಹುಡುಗಿಗೆ ಒಪ್ಪಿಸಿ, ಚೋಮಜ್ಜಿಯನ್ನು ನಾನೇ ತಿರುವಿಗೆ ಕರೆತಂದೆ. ಲೈನಿನ ಏಳೆಂಟು ಜನ ಜೀಪು ಹತ್ತಿ ಬಂದರು. ರೇಡಿಯೊದಲ್ಲಿ ಹಾಡು ಬಂತು. ಅಜ್ಜಿ ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಲುಗಾಡದೆ ಕೇಳಿದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಹಾಡು ಮುಗಿಯುವ ಮೊದಲೇ ಜೇಬಿನಲ್ಲಿದ್ದ ರೇಡಿಯೊ ಕೇಂದ್ರದ ಫೋನು ಹೊಡೆದುಕೊಂಡಿತು. ವಿರಾಜಪೇಟೆಯಿಂದ ಯಾರೋ ಹೆಂಗಸು. "ಈ ಹಾಡು ಗಂಗಕ್ಕನಿಗೆ ಹಾಕಿದ್ದಾ?"

ಹೌದು ಎನ್ನಲು ನಾಲಿಗೆ ಎಷ್ಟು ತುಡಿಯಿತು! "ಅಲ್ಲ ಅಮ್ಮ," ಎಂದೆ. "ಚೋಮಜ್ಜಿಯ ಮಗ ಮುತ್ತ ಅಂತ, ಅವನಿಗೆ."

"ಅಯ್ಯೋ ಪಾಪ. ಎಷ್ಟು ವಯಸ್ಸು?"

ನಾನು ಫೋನನ್ನು ಅಜ್ಜಿಯ ಕೈಗೆ ಕೊಟ್ಟೆ.