ಕಮಲ ಮಹಲ್ ಅಂತ ನಾನು ಮುಟ್ಟಿಸಿದ ಗೋಡೆ

ಹೋದ ತಿಂಗಳು ಹಂಪಿಯಲ್ಲಿ ಕಣ್ಣು ಕಾಣದ ಹಿರಿಯರೊಬ್ಬರಿಗೆ ನಾನು ಸುಳ್ಳು ಹೇಳಿದೆ. ಅದೂ ಅವರ ಕೈ ಹಿಡಿದುಕೊಂಡು.

ನನ್ನ ಹೆಸರು ಬೇಡ, ನಾನು ಹೊಸಪೇಟೆಯವನು, ಹದಿನಾಲ್ಕು ವರ್ಷದಿಂದ ಗೈಡ್. ಅವತ್ತಿನದು ಪ್ರೈವೇಟ್ ಟೂರ್. ಬೆಳಿಗ್ಗೆ ಹಂಪಿ, ಸಂಜೆ ಡ್ಯಾಂ ಗಾರ್ಡನ್.

ಬುಕ್ ಮಾಡಿದ್ದು ತೋರಣಗಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ತನ್ನ ಅಪ್ಪನಿಗಾಗಿ. ಎಮ್ಮಿಗನೂರು ಕಡೆಯವರು ಅಂದುಕೊಳ್ಳಿ. ಊರು ಬೇಕೆಂದೇ ಬದಲಿಸಿದ್ದೇನೆ.

ಅಪ್ಪನಿಗೆ ಶುಗರ್‌ನಿಂದ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತಂತೆ. ಅದಕ್ಕೂ ಮುಂಚೆ ಗಾರೆ ಕೆಲಸ. ಕಂಪ್ಲಿ ಸುತ್ತಮುತ್ತ ಎಷ್ಟೋ ಹಳೇ ಮನೆ, ಮಠಗಳ ಗೋಡೆಗೆ ಸುಣ್ಣದ ಗಾರೆ ತೀಡಿದ ಕೈ.

ಕಾರು ಹತ್ತುವಾಗಲೇ ಅವರು ಹೇಳಿಬಿಟ್ಟರು. "ಉಳಿದಿದ್ದೆಲ್ಲ ನೀವ್ ಹೇಳ್ರಿ, ನಾ ಕೇಳ್ತೀನಿ. ಕಮಲ ಮಹಲ್ ಗ್ವಾಡಿ ಮಾತ್ರ ಒಂದ್ಸಲ ಮುಟ್ಟಿಸ್ರಿ. ಆಗಿನ್ ಕಾಲದ ಗಾರಿ ಹೆಂಗೈತಿ ನೋಡ್ಬೇಕು."

ಅದೇನು ಮಹಾ ಅನ್ನೋ ಥರ, ಆಯ್ತು ಬಿಡ್ರಿ ಅಂದೆ.

ಆದರೆ ಕಮಲ ಮಹಲ್ ಹತ್ತಿರ ಸುಮ್ಮಸುಮ್ಮನೆ ಬಿಡಲ್ಲ. ಸುತ್ತ ಹಗ್ಗ ಕಟ್ಟಿರುತ್ತಾರೆ. ಮುಟ್ಟಬೇಕು ಅಂದರೆ ಅಲ್ಲಿಯ ಕಾವಲುಗಾರನನ್ನು ಕೇಳಬೇಕು.

ಆ ಕಾವಲುಗಾರನ ಜೊತೆ ಹಿಂದಿನ ವಾರವಷ್ಟೇ ನನಗೆ ಜಗಳ ಆಗಿತ್ತು. ನನ್ನ ಗೆಸ್ಟ್ ಒಬ್ಬರು ಹಗ್ಗ ದಾಟಿ ರೀಲ್ಸ್ ಮಾಡುತ್ತಿದ್ದರು, ಅವನು ಸೀಟಿ ಊದಿದ. ತಪ್ಪು ನಮ್ಮದೇ. ಆದರೂ ನಾಲ್ಕು ಜನರ ಮುಂದೆ ಅವನಿಗೆ ಬಾಯಿಗೆ ಬಂದಂತೆ ಅಂದಿದ್ದೆ.

ಈಗ ಅವನ ಮುಂದೆ ಹೋಗಿ ಹಲ್ಲು ಗಿಂಜಬೇಕಲ್ಲ... ನನ್ನ ಕೈಲಿ ಆಗಲಿಲ್ಲ.

ರಾಣಿವಾಸದ ಆವರಣದೊಳಗೆ ಕಾಲಿಟ್ಟಾಗ ಮಗಳಿಗೆ ನೆನಪಾಯ್ತು, ಅಪ್ಪನ ಮಾತ್ರೆ ಕಾರಿನಲ್ಲೇ ಉಳಿದಿದೆ. ನೀವು ತೋರಿಸ್ತಾ ಇರಿ, ಈಗ ಬಂದೆ ಅಂತ ಓಡಿದಳು.

ನನಗೆ ಅಷ್ಟೇ ಸಾಕಾಯಿತು.

ಕಮಲ ಮಹಲ್ ಎದುರಿಗೇ ಕಾಣುತ್ತಿದೆ, ಹಸಿರು ಹುಲ್ಲಿನ ಆಚೆ. ನಾನು ಅವರನ್ನು ಪಕ್ಕಕ್ಕೆ ತಿರುಗಿಸಿ ಆವರಣದ ಕಲ್ಲಿನ ಗೋಡೆ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರ ಕೈ ಹಿಡಿದು ಗೋಡೆಗೆ ಇಡುತ್ತೇನೆ. "ಇದ ನೋಡ್ರಿ ಕಮಲ ಮಹಲ್" ಅನ್ನುತ್ತೇನೆ.

ಅವರು ಚಪ್ಪಲಿ ಬಿಟ್ಟರು. ಗೋಡೆ ಮುಟ್ಟೋಕೆ ಚಪ್ಪಲಿ ಬಿಟ್ಟರು ರೀ...

ಅಂಗೈಯಿಂದ ಸವರಿದರು. ಉಗುರಿನಿಂದ ಸಂದು ಕೆರೆದು ಬೆರಳು ಮೂಸಿದರು. ಆಮೇಲೆ, ಕಮಾನು ಎಲ್ಲಿದೆ ಅಂತ ಕೇಳಿದರು. ಮೇಲಿದೆ, ಕೈಗೆ ಎಟುಕಲ್ಲ ಅಂದೆ. ಹೌದಾ ಅಂದರು. ಹೂಂ ಅಂದೆ.

ಅವರು ಇನ್ನೇನಾದರೂ ಕೇಳುವ ಮೊದಲೇ ನಾನೇ ಶುರು ಹಚ್ಚಿಕೊಂಡೆ. ಕಮಾನಿನ ಕುಸುರಿ, ಹಕ್ಕಿ, ಬಳ್ಳಿ... ಹದಿನಾಲ್ಕು ವರ್ಷದಲ್ಲಿ ಅಷ್ಟು ಚೆಂದ ಯಾವತ್ತೂ ಹೇಳಿರಲಿಲ್ಲ. ನಾಚಿಕೆಗೆಟ್ಟ ಬಾಯಿ ನನ್ನದು.

ಮಗಳು ಏದುಸಿರು ಬಿಡುತ್ತಾ ವಾಪಸ್ ಬರುವಷ್ಟರಲ್ಲಿ ನಾವು ಹುಲ್ಲಿನ ಅಂಚಿಗೆ ಬಂದು ನಿಂತಿದ್ದೆವು. ಮುಟ್ಟಿದೆಯೇನಪ್ಪಾ ಅಂತ ಕೇಳಿದಳು.

ಮುಟ್ಟಿದೆ ಅಂದರು ಅವರು. ಅವಳ ಮುಖ ನೋಡಬೇಕಿತ್ತು ನೀವು.

ಸಂಜೆ ಡ್ಯಾಂ ಗಾರ್ಡನ್. ಮಗಳು ಮಿರ್ಚಿ ತರೋಕೆ ಹೋದಳು. ಬೆಂಚಿನ ಮೇಲೆ ಕೂತು ಕಾರಂಜಿಯ ಸಪ್ಪಳ ಕೇಳುತ್ತಿದ್ದವರು ಪಕ್ಕಕ್ಕೆ ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಸರ, ನೀವ್ ಮುಟ್ಟಿಸಿದ್ದು ಬರೇ ಕಲ್ಲು. ಗಾರಿ ಯಾವ್ದು ಅಂತ ನನ್ ಕೈಗೆ ಗೊತ್ತಾಗಂಗಿಲ್ಲೇನ್ರಿ? ಇರ್ಲಿ... ಮಗಳಿಗೆ ಮಾತ್ರ ಹೇಳಬ್ಯಾಡ್ರಿ. ಶಿಫ್ಟ್ ಬದ್ಲಿ ಮಾಡ್ಕೊಂಡು ಭಾಳ ಆಸೆಲಿಂದ ಕರ್ಕೊಂಡ್ ಬಂದಾಳ."

ತಪ್ಪಾಯ್ತು ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, ಅಲ್ಲಿ ರೂಲ್ಸ್ ಟೈಟ್ ಆಗಿದೆ, ಬಿಡಲ್ಲ ಅಂತ. ಅವರು ಮೆಲ್ಲಗೆ ಕೈ ಬಿಟ್ಟರು.

ರಾತ್ರಿಯೆಲ್ಲ ಹೊರಳಾಡಿ, ಮಾರನೇ ದಿನ ಕಾವಲುಗಾರನ ಹತ್ತಿರ ಹೋಗಿ ಎಲ್ಲ ಹೇಳಿದೆ. ಸರಿಯಾಗಿ ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವನು ನನ್ನ ಮುಖ ನೋಡಿ, "ಒಂದ್ ಮಾತ್ ಕೇಳಿದ್ರ ನಮ್ ಸಾಹೇಬ್ರಿಗೆ ಹೇಳಿ ನಾನ ಕೈ ಹಿಡ್ಕೊಂಡ್ ಕರ್ಕೊಂಡ್ ಹೋಗ್ತಿದ್ನಲ್ಲಲೇ" ಅಂದ.

ಒಂದು ಮಾತು. ಅಷ್ಟೇ ಇತ್ತು ಅದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಮೊನ್ನೆ ನನ್ನ ಪೇಜಿನಲ್ಲಿ ಆ ಮಗಳು ಉದ್ದಕ್ಕೆ ರಿವ್ಯೂ ಹಾಕಿದ್ದಾಳೆ. ಕಣ್ಣು ಹೋದ ಮೇಲೆ ಅಪ್ಪ ಇಷ್ಟು ಮಾತಾಡಿದ್ದೇ ಇಲ್ಲವಂತೆ. ಮನೆಗೆ ಬಂದವರಿಗೆಲ್ಲ ಕಮಲ ಮಹಲ್ ಗೋಡೆ ಬೆಣ್ಣೆಯಷ್ಟು ನುಣುಪು, ಇಷ್ಟು ವರ್ಷವಾದರೂ ಗಾರೆ ಹಂಗೇ ಇದೆ ಅಂತ ಹೇಳುತ್ತಾರಂತೆ.

ಅವರು ಮುಟ್ಟಿದ್ದು ಒರಟು ಕಲ್ಲು. ನಾನು ಹೇಳಿದ ಸುಳ್ಳನ್ನು ಮಗಳಿಗಾಗಿ ಈಗ ಅವರು ಹೇಳುತ್ತಿದ್ದಾರೆ.

ಆ ರಿವ್ಯೂ ಓದಿಯೇ ಇಬ್ಬರು ಹೊಸ ಗೆಸ್ಟ್ ನನ್ನನ್ನು ಬುಕ್ ಮಾಡಿದ್ದಾರೆ. ಫೋನ್ ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತೆ, ನನಗೆ ನನ್ನ ಮೇಲೇ ಅಸಹ್ಯವಾಗುತ್ತೆ.

ಅವರನ್ನು ಮತ್ತೆ ಕರೆಸಿ ನಿಜವಾದ ಗೋಡೆ ಮುಟ್ಟಿಸಬೇಕು. ಕಾವಲುಗಾರನೂ ಹೂಂ ಅಂದಿದ್ದಾನೆ. ಆದರೆ ನನ್ನ ಹತ್ತಿರ ಇರೋದು ಮಗಳ ನಂಬರ್ ಒಂದೇ. ಒಂದ್ಸಲ ಮುಟ್ಟಿದ್ದಾರಲ್ಲ, ಮತ್ಯಾಕೆ ಅಂತ ಅವಳು ಕೇಳೇ ಕೇಳುತ್ತಾಳೆ. ನಿಜ ಹೇಳಿದರೆ ಆ ಹಿರಿಯರು ಕೇಳಿಕೊಂಡ ಒಂದೇ ಒಂದು ಮಾತನ್ನೂ ಮುರಿದಂತೆ.

ನೀವು ನನ್ನ ಜಾಗದಲ್ಲಿ ಇದ್ದಿದ್ದರೆ ಆ ಮಗಳಿಗೆ ಏನಂತ ಫೋನ್ ಮಾಡುತ್ತಿದ್ದಿರಿ?