ದಂಡಿನವರ ಲಸಿಕೆ ತಂದ ಸಿಸ್ಟರಮ್ಮ

ಎತ್ತಿ ಕಟ್ಟಿದ ಬಿಳಿ ಸೀರೆ, ಅದರ ಕೆಳಗೆ ಗಂಡಸರ ಪಾಯಿಜಾಮ, ಪಾಯಿಜಾಮದ ಅಂಚಿಗೆ ಕಣಕಾಲಿನ ಸುತ್ತ ಬಿಗಿದ ಬ್ಯಾಂಡೇಜು ಪಟ್ಟಿ. ಕಾಡಂಚಿನ ಊರುಗಳಿಗೆ ನಮ್ಮ ನರ್ಸ್ ಸಿಸ್ಟರಮ್ಮ ಹೊರಡುತ್ತಿದ್ದುದು ಹೀಗೆ. ಸಾಗರದ ಬಸ್ ನಿಲ್ದಾಣದಲ್ಲಿ ಯಾರಾದರೂ ಕೆಣಕುತ್ತಿದ್ದರು: "ಎಂತ ಸಿಸ್ಟರಮ್ಮ, ದಂಡಿಗೆ ಹೊರಟ್ರಾ?"

"ಹೌದು ಮಾರಾಯ, ಉಣುಗಿನ ಮೇಲೆ ಯುದ್ಧ. ನೀನೂ ಬಾ."

ಸತ್ತ ಮಂಗನ ಮೈಯಿಂದ ಉದುರಿ, ಮನುಷ್ಯರನ್ನು ಕಚ್ಚಿ ಜ್ವರ ಹಬ್ಬಿಸುತ್ತಿದ್ದ ಸಾಸಿವೆಯಷ್ಟು ಹುಳ ಈ ಉಣುಗು. ಅದು ಕಾಲು ಹತ್ತದಿರಲೆಂದೇ ಆ ಪಟ್ಟಿ. ಅರವತ್ತರ ದಶಕದ ಆರಂಭ. ಬಿ.ಎಸ್ಸಿ. ಮುಗಿಸಿದ್ದ ನಾನು ಅವರ ಲಸಿಕೆ ತಂಡದಲ್ಲಿ ತಾತ್ಕಾಲಿಕ ಸಹಾಯಕ. ಲಸಿಕೆ ಬಂದದ್ದು ಹೊರದೇಶದಿಂದ. ನಮ್ಮ ಮಂಗನ ಕಾಯಿಲೆಯ ದಾಯಾದಿಯಂಥ ಬೇರೊಂದು ಜ್ವರಕ್ಕೆ, ಸೈನಿಕರಿಗಾಗಿ ಮಾಡಿದ್ದು.

"ಇದು ಹಾಕ್ಸಿಕೊಂಡ್ರೆ ಕಾಯ್ಲೆ ಬರೂದಿಲ್ವಾ?" ಎಂದು ಜನ ಕೇಳುತ್ತಿದ್ದರು.

"ಗೊತ್ತಿಲ್ಲ. ಅದನ್ನ ನೋಡೂಕೇ ಬಂದಿರೋದು."

ಅರ್ಧ ಜನ ಎದ್ದು ಹೋಗುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. "ಬರೋದಿಲ್ಲ ಅಂದುಬಿಡಿ ಸಿಸ್ಟರ್, ಎಲ್ಲ ಹಾಕಿಸಿಕೊಳ್ತಾರೆ."

"ಹಂಗಂದ್ರೆ ನಾಳೆನೇ ಎಲ್ಲ ಹೆದರಿಕೆ ಬಿಟ್ಟು ದರಗೆಲೆ ಗುಡಿಸೂಕೆ ಕಾಡಿಗೆ ಹೋಗ್ತಾರಲ್ಲೋ! ಉಣುಗು ಇರೂದೇ ಆ ಒಣಗಿದ ಎಲೆಯಲ್ಲಿ."

ನಾವಿಬ್ಬರೂ ಆ ಲಸಿಕೆ ಹಾಕಿಸಿಕೊಂಡಿದ್ದೆವು.

ರಿಪ್ಪನ್‌ಪೇಟೆಯ ಆಚೆಯ ಒಂದು ಹಳ್ಳಿಗೆ ಹೋದಾಗ, ಹಲಸಿನ ಮರದ ಬುಡದಲ್ಲಿ ಒಬ್ಬ ಅಜ್ಜಿ ಸಾಯುತ್ತಿದ್ದ ಮಂಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ತುಳಸಿ ನೀರು ಬಿಡುತ್ತಿದ್ದಳು. ಹನುಮಂತ ಬಾಯಾರಿ ಸಾಯಬಾರದು ಎಂಬ ನಂಬಿಕೆ. ನೀರು ಹೊರಗೆ ಚೆಲ್ಲುತ್ತಿತ್ತು. ನೋಡಲಾಗದೆ ನಾನು ಆ ತಲೆಯನ್ನು ಎತ್ತಿ ಹಿಡಿಯಲು ಬಗ್ಗಿದೆ.

"ಮುಟ್ಟಬ್ಯಾಡ!"

ಸಿಸ್ಟರಮ್ಮ ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇಂಜೆಕ್ಷನ್ ಆಗಿದೆಯಲ್ಲ ಸಿಸ್ಟರ್..."

"ತಡೀತದೆ ಅಂತ ಯಾರು ಹೇಳಿದ್ರೋ ನಿಂಗೆ?"

ದಿನವೂ ಅವರ ಪಕ್ಕದಲ್ಲೇ ನಿಂತು ಕೇಳಿದ್ದ 'ಗೊತ್ತಿಲ್ಲ' ಎಂಬ ಮಾತು ಅಂದು ಮೊದಲ ಬಾರಿಗೆ ನನಗೆ ಅರ್ಥವಾಯಿತು. ಅಷ್ಟರಲ್ಲಿ ಅವರು ಓಡಿ ಬಂದು ಅಜ್ಜಿಯ ರಟ್ಟೆ ಹಿಡಿದು ಎಳೆದಿದ್ದರು. ಅವಳ ಸೆರಗನ್ನು ಕೊಡವಿದರು, ಮತ್ತೆ ಮತ್ತೆ ಕೊಡವಿದರು. ಅಜ್ಜಿ ಬೈಯುತ್ತಲೇ ಇದ್ದಳು: "ಸಾಯೋ ಜೀವಕ್ಕೆ ನೀರು ಬಿಡೂಕೂ ಬಿಡೂದಿಲ್ವನೇ, ಪಾಪಿ!" ಓಟದ ರಭಸಕ್ಕೆ ಸಿಸ್ಟರಮ್ಮನ ಎಡಗಾಲಿನ ಪಟ್ಟಿ ಬಿಚ್ಚಿ ತರಗೆಲೆಯ ಮೇಲೆ ಹರಿದಾಡುತ್ತಿತ್ತು. ನಾನು ಅದನ್ನು ನೋಡಿದೆ. ಅದರ ಅರ್ಥ ಹೊಳೆಯಲಿಲ್ಲ.

ವಾರ ತುಂಬುವ ಮೊದಲೇ ಅವರಿಗೆ ಜ್ವರ ಬಂತು. ಅಜ್ಜಿಗೆ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಅವರ ವಸಡಿನಿಂದ ರಕ್ತ ಒಸರುತ್ತಿತ್ತು. ಬಾಗಿ ಕಿವಿಗೊಟ್ಟೆ.

"ಲಸಿಕೆ ಆಗಿತ್ತು, ಆದ್ರೂ ಬಂತು. ಹಂಗೇ ಹೇಳು ಎಲ್ಲರಿಗೂ. ಮುಚ್ಚಿಡಬ್ಯಾಡ."

ತೀರ್ಥಹಳ್ಳಿಯಿಂದ ಅವರ ತಂಗಿ ಬಂದು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೆಲವು ವರ್ಷಗಳ ನಂತರ ನಮ್ಮ ಕಾಯಿಲೆಗೆಂದೇ ಮಾಡಿದ ಹೊಸ ಲಸಿಕೆ ಪರೀಕ್ಷೆಗೆ ಬಂತು. ಅದರ ತಂಡದೊಂದಿಗೆ ನಾನು ಅದೇ ಹಳ್ಳಿಗೆ ಹೋದೆ. ಹಲಸಿನ ಮರ ಕಂಡ ಕೂಡಲೇ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಈಗಲೂ ಕನಸಿನಲ್ಲಿ ಹಾಗೇ ಸರಿಯುತ್ತದೆ.

ಮೊದಲು ಬಂದವಳು ಅದೇ ಅಜ್ಜಿ.

"ಇದಾದ್ರೂ ತಡೀತದಾ?"

"ಗೊತ್ತಿಲ್ಲ ಅಜ್ಜಿ. ನೋಡ್ಬೇಕು."

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ತೋಳು ಚಾಚಿದಳು.

"ಆ ಯಮ್ಮನೂ ಹಂಗೇ ಅಂದಿದ್ಲು. ಹಾಕಿ."