ಫೋನು ಯಾರ ಹೆಸರಿನಲ್ಲಿ?

ನಮ್ಮ ಮನೆಯ ಬಟ್ಟೆ ಬೀರುವಿನ ನೆತ್ತಿಯ ಮೇಲೆ ಮೊಬೈಲಿನ ಖಾಲಿ ಡಬ್ಬಗಳು ಒಂದರ ಮೇಲೊಂದು ಕೂತಿವೆ. ಡಬ್ಬವಿದ್ದರೆ ಹಳೆಯ ಫೋನಿಗೆ ನಾಲ್ಕು ಕಾಸು ಹೆಚ್ಚು ಹುಟ್ಟುತ್ತದೆಂದು ಜೋಪಾನ ಮಾಡಿದವನು ನಾನೇ; ಮಾರುವ ದಿನ ಡಬ್ಬ ಕೊಡುವುದನ್ನೇ ಮರೆತವನೂ ನಾನೇ. ತೆರೆದು ನೋಡಿದರೆ ಅವುಗಳಲ್ಲಿ ಎರಡು ಜಾತಿ. ನೆಟ್‌ವರ್ಕ್ ಕಂಪನಿಯ ಅಂಗಡಿಯಿಂದ ಬಂದವುಗಳ ಹೊಟ್ಟೆಯಲ್ಲಿ ನಾಲ್ಕಾಗಿ ಮಡಚಿದ ಕರಾರುಪತ್ರ, ಅದರ ತುಂಬ ಇರುವೆಸಾಲಿನಂಥ ಅಕ್ಷರ. ಫೋನು ತಯಾರಿಸಿದವರಿಂದಲೇ ನೇರವಾಗಿ ಕೊಂಡವುಗಳ ಒಳಗೆ ಏನೂ ಇಲ್ಲ, ಸುಮ್ಮನೆ ಬಿಳಿ ಖಾಲಿತನ. ಈ ಎರಡರಲ್ಲಿ ಯಾವುದು ಲಾಭ ಎಂಬ ಕುತೂಹಲ, ಸ್ನೇಹಿತರೇ, ನನ್ನನ್ನು ವರ್ಷಗಟ್ಟಲೆ ಆಡಿಸಿದೆ.

ಉಡುಪಿಯ ಪಾತ್ರೆ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕಾಲೇಜು ಮುಗಿಸಿದವನು ನಾನು. ಚೌಕಾಸಿ ನನಗೆ ಉಸಿರಾಟದಷ್ಟೇ ಸಹಜ. ಹಾಗಾಗಿ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಜರ್ಮನಿಯ ಬೊಬ್ಲಿಂಗೆನ್ನಿಗೆ ಬಂದಿಳಿಯುವ ನಮ್ಮ ಕಡೆಯವರು ಮನೆ ಸಿಕ್ಕ ಮರುದಿನವೇ ನನ್ನನ್ನು ಹುಡುಕುತ್ತಾರೆ. ಉಳ್ಳಾಲದ ನಿಯಾಜ್ ಬಂದ ಹೊಸತರಲ್ಲಿ ಹೀಗೆಯೇ ಓಡಿ ಬಂದಿದ್ದ. “ಮಾರಾಯ, ಒಂದೇ ಯೂರೋಗೆ ಫೋನ್ ಕೊಡ್ತಾರಂತೆ! ಇವರಿಗೆಂತ ಮಂಡೆ ಸರಿ ಉಂಟಾ?”

“ಅವರ ಮಂಡೆ ಸರಿ ಉಂಟು. ಎರಡು ವರ್ಷ ಬಿಟ್ಟು ನಿನ್ನದು ನೋಡುವ” ಎಂದಿದ್ದೆ.

ತಿಂಗಳ ಊಟದ ಟಿಕೆಟ್ ಪುಸ್ತಕ ಕೊಂಡ ಹಾಸ್ಟೆಲಿನ ಹುಡುಗರು ಹಸಿವಿಲ್ಲದ ದಿನವೂ ಹೋಗಿ ಎಲೆಯ ಮುಂದೆ ಕೂರುತ್ತಿದ್ದುದು ನೆನಪಿದೆಯೇ? ನೆಟ್‌ವರ್ಕ್ ಕಂಪನಿಯ ಫೋನು ಅಂಥದ್ದು: ಕೈಗೆ ಬರುವಾಗ ಒಂದು ಯೂರೋ, ಆಮೇಲೆ ಬೇಕಿರಲಿ ಬೇಡವಿರಲಿ ಎರಡು ವರ್ಷ ತಿಂಗಳ ಕಂತು. ತಯಾರಕರಿಂದ ಕೊಳ್ಳುವುದೋ, ಹೋಟೆಲಿಗೆ ಹೋಗಿ ತಿಂದಷ್ಟಕ್ಕೆ ಕೊಟ್ಟು ಕೈತೊಳೆದು ಬಂದ ಹಾಗೆ. ಇಷ್ಟೆಲ್ಲ ಬಲ್ಲ ನಾನೇ, ಹೆಂಡತಿ ಪ್ರಮೀಳಾ ಇಲ್ಲಿಗೆ ಬಂದಾಗ, ನನ್ನ ಕರಾರಿಗೆ ಅವಳ ಫೋನನ್ನೂ ನಂಬರನ್ನೂ ಪೋಣಿಸಿಬಿಟ್ಟೆ. ಕುಟುಂಬಕ್ಕೆಂದು ವಿಶೇಷ ರಿಯಾಯಿತಿ ಇತ್ತು. ರಿಯಾಯಿತಿ ಎಂಬ ಶಬ್ದ ಕಿವಿಗೆ ಬಿದ್ದರೆ ನಾನು ವಿವೇಕವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ನಡೆಯುತ್ತೇನೆ.

ಪ್ರಮೀಳಾ ಮಣಿಪಾಲದಲ್ಲಿ ಏಳು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಇಲ್ಲಿ ಜರ್ಮನ್ ಕಲಿತು, ಪ್ರಮಾಣಪತ್ರಗಳಿಗೆಲ್ಲ ಮೊಹರು ಹಾಕಿಸಿ, ಒಂದು ಲ್ಯಾಬಿಗೆ ಅರ್ಜಿ ಕಳಿಸಿದ್ದಳು. ಅವರು ಫೋನು ಮಾಡುತ್ತೇವೆಂದ ವಾರವೇ ಅವಳ ಸಿಮ್ ಕೆಟ್ಟು ಕೂತಿತು. ತಾನೇ ಅಂಗಡಿಗೆ ಹೋಗಿ ಬೇರೆ ಸಿಮ್ ಕೇಳಿದಳು. ಕೌಂಟರಿನವನು ಸೌಜನ್ಯದಿಂದಲೇ ಹೇಳಿದನಂತೆ: ಈ ನಂಬರು ನಿಮ್ಮ ಗಂಡನದು, ಅವರೇ ಬರಬೇಕು. ನಾನೋ ಕೆಲಸದ ಮೇಲೆ, ನಮ್ಮ ಕಂಪನಿಯ ಹೊಸ ಕಾರು ಪರೀಕ್ಷಿಸುವ ಕಟ್ಟಡದೊಳಗೆ, ಅಲ್ಲಿನ ನಿಯಮದಂತೆ ಮೊಬೈಲನ್ನು ಹೊರಗಿನ ಲಾಕರಿನಲ್ಲಿಟ್ಟು ನಿಶ್ಚಿಂತನಾಗಿದ್ದೆ. ಸಂಜೆ ಹೊರಬಂದು ನಾನು ಅಂಗಡಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಮರುದಿನ ಹೊಸ ಸಿಮ್ಮಿನೊಳಗೆ ಲ್ಯಾಬಿನವರ ಧ್ವನಿಸಂದೇಶ ಕಾದಿತ್ತು. ತಿರುಗಿ ಕರೆದಾಗ, ಸಂಪರ್ಕಕ್ಕೆ ಸಿಗದ್ದರಿಂದ ಬೇರೆಯವರನ್ನು ತೆಗೆದುಕೊಂಡೆವು ಎಂದರು.

ಪ್ರಮೀಳಾ ಅಳಲಿಲ್ಲ. ಮೊದಲು ತನ್ನದೊಂದು ಬ್ಯಾಂಕ್ ಖಾತೆ ತೆರೆದು, ಮಣಿಪಾಲದ ಸಂಬಳದ ಉಳಿತಾಯವನ್ನು ಅದಕ್ಕೆ ತರಿಸಿಕೊಂಡಳು. ಆಮೇಲೆ, “ಫೋನ್ ತಯಾರು ಮಾಡಿದವರ ಹತ್ರವೇ ಒಂದು ತಕೊಳ್ತೇನೆ. ಪೂರ್ತಿ ದುಡ್ಡು ಕೊಟ್ಟು, ನನ್ನ ಹೆಸರಲ್ಲಿ. ಸಿಮ್ಮೂ ನನ್ನದೇ” ಎಂದಳು.

“ಪೂರ್ತಿ ದುಡ್ಡಾ? ಹಬ್ಬದ ರಿಯಾಯಿತಿವರೆಗೆ ತಡ್ಕೊ ಮಾರಾಯ್ತಿ...”

“ನಿಮ್ಮ ರಿಯಾಯಿತಿ ನನಗೆ ಎಷ್ಟಕ್ಕೆ ಬಿತ್ತು ಹೇಳಿ ನೋಡುವ?”

ಲೆಕ್ಕ ಹಾಕಲು ಕೂತೆ. ಮನೆಯ ಬಾಡಿಗೆಪತ್ರ ನನ್ನ ಹೆಸರಿನಲ್ಲಿ, ವಿದ್ಯುತ್ತು ನನ್ನ ಹೆಸರಿನಲ್ಲಿ, ಇಂಟರ್ನೆಟ್ಟು ನನ್ನ ಹೆಸರಿನಲ್ಲಿ. ಅವಳ ವೀಸಾ ಕೂಡ ನನ್ನ ಬ್ಲೂ ಕಾರ್ಡಿನ ಕೊಕ್ಕೆಗೆ ತೂಗುಹಾಕಿದ್ದು. ಏಳು ವರ್ಷ ಸ್ವಂತ ಸಹಿಯ ಮೇಲೆ ಊರಿನ ರಕ್ತದ ವರದಿ ಕೊಟ್ಟವಳು ಇಲ್ಲಿ ಒಂದು ಸಿಮ್ಮಿಗೂ ನನ್ನ ದಾರಿ ಕಾಯಬೇಕಾಯಿತು. ವಸ್ತುವಿನ ಬೆಲೆಯನ್ನು ಎಲ್ಲ ಕೋನಗಳಿಂದ ತಿರುಗಿಸಿ ನೋಡಿದ ನಾನು ಅದು ಯಾರದಾಗುತ್ತದೆ ಎಂದು ಮಾತ್ರ ಕೇಳಿರಲಿಲ್ಲ. ಅಷ್ಟು ಸರಳ ಪ್ರಶ್ನೆ ಇಷ್ಟು ದಿನ ಎಲ್ಲಿ ಅಡಗಿತ್ತೋ ಎಂದು ಈಗಲೂ ಸೋಜಿಗಪಡುತ್ತೇನೆ.

ಫೋನು ಆರ್ಡರ್ ಆಯಿತು. ಐದು ದಿನ ಕಾದರೂ ಬರಲಿಲ್ಲ. ವಿಚಾರಿಸಿದರೆ, ವಿಳಾಸದಲ್ಲಿ ಈ ಹೆಸರಿನವರಿಲ್ಲವೆಂದು ವಾಪಸು ಹೋಗಿತ್ತು. ನಾವಿಬ್ಬರೂ ಕೆಳಗಿಳಿದು ಮುಖ್ಯ ಬಾಗಿಲಿನ ಮುಂದೆ ನಿಂತೆವು. ಈ ದೇಶದ ಕಟ್ಟಡಗಳಲ್ಲಿ ಒಂದೊಂದು ಮನೆಗೂ ಬೇರೆ ನಂಬರಿರುವುದಿಲ್ಲ, ಕರೆಗಂಟೆಯ ಪಕ್ಕದ ಹೆಸರೇ ಗುರುತು. ನಮ್ಮ ಗಂಟೆಯ ಪಕ್ಕದಲ್ಲಿ ‘ಕಾಮತ್’ ಎಂಬ ನನ್ನ ಹೆಸರಷ್ಟೇ ಇತ್ತು. ಪ್ರಮೀಳಾಳ ಪಾಸ್‌ಪೋರ್ಟಿನಲ್ಲಿರುವುದು ಅವಳ ಅಪ್ಪನ ಹೆಸರು: ಪ್ರಮೀಳಾ ವಾಸುದೇವ. ಅವಳು ಬಂದ ತಿಂಗಳು ಕಟ್ಟಡದ ಮೇಲ್ವಿಚಾರಕ ಕೇಳಿದ್ದ, ಇನ್ನೊಂದು ಹೆಸರು ಸೇರಿಸಬೇಕೇ ಎಂದು. ಹೊಸ ಫಲಕಕ್ಕೆ ಹಣ ಬೀಳುತ್ತದೆಂದು ತಿಳಿದು ಬೇಡವೆಂದವನು ನಾನು. ಅದನ್ನು ಅಲ್ಲೇ ಅವಳ ಮುಂದೆ ಒಪ್ಪಿಕೊಂಡೆ.

“ಅದಕ್ಕೂ ಚೌಕಾಸಿಯಾ!” ಎಂದು ಅವಳು ನಕ್ಕಳು; ಆ ನಗುವಿನಲ್ಲಿ ನನಗೆ ಯಾವ ರಿಯಾಯಿತಿಯೂ ಇರಲಿಲ್ಲ. ಮೇಲ್ವಿಚಾರಕನಲ್ಲಿಗೆ ಆಗಲೇ ಹೋದೆ, ದರ ಕೇಳದೆ ಫಲಕ ಬರೆಸಿದೆ.

ಎರಡನೆಯ ಸಲ ಪೊಟ್ಟಣ ಬಂದಾಗ ಗಂಟೆ ಕೇಳಿ ಅಭ್ಯಾಸದಂತೆ ಬಾಗಿಲಿಗೆ ಓಡಿದವನು ನಾನೇ. ತಂದ ಹೆಂಗಸು ಹೆಸರು ಓದಿ, ನನ್ನ ಮೀಸೆ ನೋಡಿ, “ಫ್ರೌ ವಾಸುದೇವ?”, ಅಂದರೆ ಶ್ರೀಮತಿ ವಾಸುದೇವ ನೀವೇನಾ, ಎಂದು ಹುಬ್ಬೇರಿಸಿದಳು. ಸಹಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ, ಅದು ನನಗೆ ಬಂದದ್ದು” ಎಂದಳು ಪ್ರಮೀಳಾ, ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು.

ನಾನು ಬದಿಗೆ ನಿಂತೆ.